ನಿವೃತ್ತಿಯ ತಾರೀಖು ಗೊತ್ತಿದ್ದೂ ತಯಾರಿ ಯಾಕಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ನಿವೃತ್ತಿಯ ವಿಷಯದವೇ ಜಾಸ್ತಿ. ಮೇ ತಿಂಗಳು ಹತ್ತಿರ ಬಂದರೆ ಪ್ರತಿ ವರ್ಷ ಹೀಗೇ. ಖಜಾನೆಯಲ್ಲಿ ಕೂತು ಪಿಂಚಣಿ ಕಾಗದ ನೋಡಿದವಳು ನಾನು, ಹಾಗಾಗಿ ನನಗೆ ಗೊತ್ತಿರುವಷ್ಟನ್ನು ನೇರವಾಗಿ ಹೇಳುತ್ತೇನೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ಮಲೆನಾಡಿನ ಒಂದು ವಿದ್ಯುತ್ ಶಾಖೆಯಲ್ಲಿ ಶಾಖಾಧಿಕಾರಿ ನಾನು. ಈ ಮೇ 31ಕ್ಕೆ ನಮ್ಮ ಮೂವರು ಹಿರಿಯ ಲೈನ್‌ಮ್ಯಾನ್‌ಗಳು ಒಂದೇ ದಿನ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಯಾರೂ ಬರುವ ಲಕ್ಷಣ ಇಲ್ಲ. ಉಳಿದ ಪವರ್‌ಮ್ಯಾನ್‌ಗಳು ಬಯಲುಸೀಮೆ ಕಡೆಯ ಹುಡುಗರು, ಇಲ್ಲಿನ ಕಾಡು ಅವರಿಗೆ ಹೊಸದು. ಜೂನ್ ಮಳೆ ಶುರುವಾದರೆ ಏನು ಮಾಡಲಿ?

ಉತ್ತರ: ಮೊದಲು ಯಾಕೆ ಒಂದೇ ದಿನ ಅನ್ನುವುದನ್ನು ಹೇಳಿಬಿಡುತ್ತೇನೆ, ಮುಂದಿನ ವರ್ಷಗಳಿಗೂ ನಿಮಗೆ ಬೇಕಾಗುತ್ತದೆ. ಅವರ ಕಾಲದಲ್ಲಿ ಶಾಲೆಗೆ ಸೇರಿಸಲು ಬಂದ ಅಪ್ಪ ಅಮ್ಮನಿಗೆ ಮಗು ಹುಟ್ಟಿದ ತಾರೀಖು ನೆನಪಿರುತ್ತಿರಲಿಲ್ಲ. ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡುಬಿಡುತ್ತಿದ್ದರು. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕು, ಬೇರೆ ದಿನ ಹುಟ್ಟಿದವರು ಆ ತಿಂಗಳ ಕೊನೆಗೆ. ಹೀಗಾಗಿ ಮೇ ತಿಂಗಳಲ್ಲಿ ಹುಟ್ಟಿದವರು ಮತ್ತು ಜೂನ್ 1ರವರು ಎಲ್ಲರೂ ಒಟ್ಟಿಗೆ ಮೇ 31ಕ್ಕೆ ಹೋಗುತ್ತಾರೆ. ಶಾಲೆಗಳಿಗೂ ತಾಲ್ಲೂಕು ಕಚೇರಿಗಳಿಗೂ ಇದೇ ಕಥೆ. ಆದರೆ ನಿಮ್ಮ ಇಲಾಖೆಗೆ ಇದು ಎಲ್ಲರಿಗಿಂತ ಕೆಟ್ಟ ಸಮಯ. ಮಳೆ ಹಿಡಿಯುವುದಕ್ಕೂ ಅನುಭವಸ್ಥರು ಮನೆಗೆ ಹೋಗುವುದಕ್ಕೂ ಒಂದೇ ವಾರ.

ಹೋಗುವವರ ತಲೆಯಲ್ಲಿ ಇರುವುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಯಾವ ಮರ ಪ್ರತಿ ವರ್ಷ ಲೈನ್ ಮೇಲೆ ಬಾಗುತ್ತದೆ, ಯಾವ ಹಳ್ಳ ತುಂಬಿದರೆ ಯಾವ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋಗುವ ದಾರಿ ಮುಚ್ಚುತ್ತದೆ, ಆಗ ಯಾರ ತೋಟದ ಒಳಗಿಂದ ಸುತ್ತಿ ಹೋಗಬೇಕು, ಲೈನಿನ ಕರೆಂಟು ಕಡಿಯುವ ಯಾವ ಸ್ವಿಚ್ಚು (ಜಿಓಎಸ್) ಎಳೆದರೂ ಪೂರ್ತಿ ಬಿಡುವುದಿಲ್ಲ, ಯಾವ ಮನೆಯವರು ಜನರೇಟರ್ ಅನ್ನು ತಪ್ಪಾಗಿ ಜೋಡಿಸಿಕೊಂಡು ಸತ್ತ ಲೈನಿಗೆ ಕರೆಂಟು ವಾಪಸ್ ಬಿಡುತ್ತಾರೆ ಇದೆಲ್ಲ. ಕೊನೆಯದ್ದು ಗೊತ್ತಿಲ್ಲದೆ ಒಬ್ಬ ಹುಡುಗ ಕಂಬ ಹತ್ತಿದರೆ ಅವನ ಜೀವ ಹೋಗಬಹುದು.

ನೀವು ಇವತ್ತೇ ಮಾಡಬೇಕಾದದ್ದು ಒಂದು. ಆ ಮೂವರನ್ನು ಉಳಿದ ದಿನಗಳಲ್ಲಿ ಸಾಮಾನ್ಯ ಕೆಲಸದಿಂದ ಬಿಡಿಸಿ. ಒಬ್ಬೊಬ್ಬರ ಜೊತೆ ಇಬ್ಬಿಬ್ಬರು ಹೊಸ ಹುಡುಗರನ್ನು ಕಳಿಸಿ, ಫೀಡರ್, ಅಂದರೆ ಮುಖ್ಯ ಲೈನ್, ಶುರುವಾಗುವಲ್ಲಿಂದ ಕೊನೆಯ ಕಂಬದವರೆಗೆ ನಡೆಸಿ. ಬೈಕಿನಲ್ಲಿ ಬೇಡ, ನಡೆದೇ ಹೋಗಲಿ. ಹುಡುಗರ ಮೊಬೈಲಿನಲ್ಲಿ ಪ್ರತಿ ಟಿಸಿ, ಪ್ರತಿ ಅಪಾಯದ ಮರ, ಪ್ರತಿ ಅಡ್ಡದಾರಿಯ ಫೋಟೋ ಮತ್ತು ಜಾಗ ಗುರುತಾಗಲಿ, ಹಿರಿಯರು ಹೇಳುವ ಮಾತು ಅವರದ್ದೇ ದನಿಯಲ್ಲಿ ರೆಕಾರ್ಡ್ ಆಗಲಿ. ದಾರಿಯಲ್ಲಿ ಸಿಗುವ ಮನೆಗಳವರಿಗೆ ಹುಡುಗರ ಪರಿಚಯ ಮಾಡಿಸಲಿ. ರಾತ್ರಿ ಹೊತ್ತು ಗೇಟು ತೆಗೆಯುವುದು ಪರಿಚಯದ ಮುಖಕ್ಕೆ ತಾನೇ?

ಇನ್ನೊಂದು ಮಾತು, ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಜೂನ್ ತಿಂಗಳಲ್ಲಿ ಕಷ್ಟವಾದಾಗ ನೀವು ಅವರಿಗೆ ಫೋನ್ ಮಾಡುತ್ತೀರಿ, ಅವರು ಬಂದೂ ಬರುತ್ತಾರೆ. ಸಲಹೆ ಕೇಳಿ, ದಾರಿ ಕೇಳಿ. ಕಂಬ ಮಾತ್ರ ಹತ್ತಿಸಬೇಡಿ. ಅವರ ಹೆಸರಿನಲ್ಲಿ ಎಲ್‌ಸಿ (ಕರೆಂಟು ಕಡಿಸಿ ಲೈನ್ ಮೇಲೆ ಕೆಲಸ ಮಾಡಲು ಪಡೆಯುವ ಅನುಮತಿ) ತೆಗೆಯುವಂತಿಲ್ಲ, ಏನಾದರೂ ಆದರೆ ಅವರ ಮನೆಯವರಿಗೆ ಒಂದು ಪೈಸೆ ಪರಿಹಾರ ಸಿಗುವುದೂ ಕಷ್ಟ. ಅವರ ಸೇವೆ ನಿಜವಾಗಿ ಬೇಕಿದ್ದರೆ ಮೇಲಿನವರಿಗೆ ಬರೆದು, ತರಬೇತಿ ಕೊಡುವವರೆಂದು ಗೌರವಧನದ ಮೇಲೆ ಕರೆಸಿಕೊಳ್ಳಿ. ಬರವಣಿಗೆಯಲ್ಲಿ ಇರಲಿ.

ದೊಡ್ಡ ಮಟ್ಟದಲ್ಲಿ ಇದು ಏನಾಗುತ್ತದೆ ಅಂತ ನಾವೆಲ್ಲ ಬಿಎಸ್‌ಎನ್‌ಎಲ್‌ನಲ್ಲಿ ನೋಡಿದ್ದೇವೆ. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು 78 ಸಾವಿರ ಜನ ಒಂದೇ ದಿನ ಹೊರಗೆ ಬಂದರು. ಹೆಚ್ಚೂಕಮ್ಮಿ ಅರ್ಧ ಸಂಸ್ಥೆಯೇ ಖಾಲಿಯಾಯಿತು. ಕೇಬಲ್ ಎಲ್ಲಿ ಹೂತಿದೆ ಅನ್ನುವುದು ಗೊತ್ತಿದ್ದವರೂ ಅವರಲ್ಲೇ ಇದ್ದರು. ಸಂಬಳದ ಖರ್ಚು ಉಳಿಯಿತು ನಿಜ. ಮಲೆನಾಡಿನ ಹಳ್ಳಿಗಳಲ್ಲಿ ಸತ್ತ ಲ್ಯಾಂಡ್‌ಲೈನ್ ಮತ್ತೆ ಎದ್ದದ್ದು ಕಡಿಮೆ.

ನಿವೃತ್ತಿಯ ದಿನ ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಗೊತ್ತಾಗಿಬಿಡುತ್ತದೆ. ಕಾಯಿಲೆಯ ಹಾಗೆ ಹೇಳದೆ ಬರುವುದಲ್ಲ. ಆದರೂ ಹೋಗುವವರ ಜೊತೆ ಮೂರು ತಿಂಗಳು ಹೊಸಬರನ್ನು ಕೂರಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಹುದ್ದೆ ಖಾಲಿಯಾದ ಮೇಲೆ ತುಂಬುವ ಮಾತು. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿರುವಾಗ ಆ ಮಾತೂ ನಡೆಯುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ. ಬೀಳ್ಕೊಡುಗೆಗೆ ಹಾರ, ಪೇಟ, ಹಣ್ಣಿನ ಬುಟ್ಟಿಗೆ ದುಡ್ಡು ಸೇರಿಸುತ್ತೇವೆ, ಅವರು ಕಲಿತದ್ದನ್ನು ಕೇಳಿ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಮೂವರಿಗೆ ಒಂದು ವಿಷಯ ತಿಳಿಸಿ. ಒಂದು ವರ್ಷ ಪೂರ್ತಿ ದುಡಿದು, ಇನ್‌ಕ್ರಿಮೆಂಟ್ ಬೀಳುವ ಹಿಂದಿನ ದಿನ ನಿವೃತ್ತರಾದವರಿಗೂ ಆ ಇನ್‌ಕ್ರಿಮೆಂಟ್ ಸಲ್ಲಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ನೌಕರರದ್ದೇ ಪ್ರಕರಣ. ಅವರ ಇನ್‌ಕ್ರಿಮೆಂಟ್ ತಾರೀಖು ಯಾವುದು ಅಂತ ಲೆಕ್ಕಪತ್ರ ಶಾಖೆಯಲ್ಲಿ ಒಮ್ಮೆ ನೋಡಿಸಿ.

ಪ್ರಶ್ನೆ: ನಮ್ಮವರು ಬ್ಯಾಂಕಿನಿಂದ ನಿವೃತ್ತರಾಗಿ ಮೂರು ವರ್ಷವಾಯಿತು. ಧಾರವಾಡದ ಸಪ್ತಾಪುರದಲ್ಲಿ ಸ್ವಂತ ಮನೆ ಇದೆ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಮನೆ ಮಾರಿ, ಆ ದುಡ್ಡು ಸೇರಿಸಿ ಸರ್ಜಾಪುರ ರಸ್ತೆಯಲ್ಲಿ ದೊಡ್ಡ ಫ್ಲಾಟ್ ತೆಗೆದುಕೊಂಡು ಎಲ್ಲರೂ ಒಟ್ಟಿಗೆ ಇರೋಣ ಅಂತಾನೆ. ಸೊಸೆಯೂ ಒಳ್ಳೆಯವಳು. ನಮ್ಮವರಿಗೆ ಒಪ್ಪಿಗೆ ಇದೆ, ನನಗೆ ಮನಸ್ಸು ಬರುತ್ತಿಲ್ಲ. ನಾನು ಸ್ವಾರ್ಥಿಯಾ?

ಉತ್ತರ: ಖಂಡಿತ ಅಲ್ಲ, ತಾಯಿ. ನಿಮ್ಮ ಮನಸ್ಸು ಹಿಂಜರಿಯುತ್ತಿರುವುದಕ್ಕೆ ಸರಿಯಾದ ಕಾರಣ ಇದೆ.

ನಿಮ್ಮವರು ಮೂವತ್ತು ನಲವತ್ತು ವರ್ಷ ಬೆಳಿಗ್ಗೆ ಹೊರಟು ಸಂಜೆ ಬಂದವರು. ಅವರಿಗೆ ಊರು ಅಂದರೆ ಬ್ಯಾಂಕು, ವರ್ಗಾವಣೆಯಾದಲ್ಲೆಲ್ಲ ಹೊಸ ಊರು ಕಂಡವರು. ಊರನ್ನು ನಿಜವಾಗಿ ಕಟ್ಟಿಕೊಂಡವರು ನೀವು. ಹಾಲಿನವನು, ಪಕ್ಕದ ಮನೆಯವರು, ಭಜನೆಗೆ ಬರುವ ಗೆಳತಿಯರು, ಫೋನ್ ಮಾಡಿದರೆ ಮನೆಗೇ ಬರುವ ಡಾಕ್ಟರು, ಮುರುಘಾಮಠದ ಜಾತ್ರೆ, ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದ ಸಂಜೆ ನಡಿಗೆ. ಗಂಡಸರಿಗೆ ಇದು ನಿವೃತ್ತಿಯಾದ ಮೇಲೆ ನಿಧಾನಕ್ಕೆ ಗೊತ್ತಾಗುತ್ತದೆ. ಸಾಹಿತ್ಯ ಸಂಗೀತದ ಒಲವಿದ್ದರೆ 1890ರಿಂದ ನಡೆದುಕೊಂಡು ಬಂದಿರುವ ವಿದ್ಯಾವರ್ಧಕ ಸಂಘದಂಥದ್ದು ಸರ್ಜಾಪುರ ರಸ್ತೆಯಲ್ಲಿ ಎಲ್ಲಿ ಸಿಗುತ್ತದೆ?

ಮಗನದ್ದೂ ತಪ್ಪಿಲ್ಲ. ರಾತ್ರಿ ಹೊತ್ತು ಅಪ್ಪನಿಗೆ ಏನಾದರೂ ಆದರೆ ತಾನು ನಾನೂರು ಕಿಲೋಮೀಟರ್ ದೂರ ಇದ್ದೇನೆ ಅನ್ನುವ ಭಯ ಅವನದ್ದು. ಆ ಭಯಕ್ಕೆ ಉತ್ತರ ಕೊಡಿ, ಮನೆ ಮಾರುವ ಮಾತು ಆಮೇಲೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಸರ್ಜಾಪುರ ರಸ್ತೆಯ ಸಂಜೆಯ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತಿಗೆ ತಲುಪುತ್ತದೆ, ಸಪ್ತಾಪುರದಿಂದ ಸತ್ತೂರಿಗೆ ಎಷ್ಟು ಹೊತ್ತು ಅಂತ ಅವನೇ ಲೆಕ್ಕ ಹಾಕಲಿ. 2023ರ ಜೂನ್‌ನಿಂದ ಧಾರವಾಡ ಬೆಂಗಳೂರು ನಡುವೆ ವಂದೇ ಭಾರತ್ ಓಡುತ್ತಿದೆ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ತಲುಪಬಹುದು.

ನನ್ನ ಸಲಹೆ ಇದು. ಮನೆ ಮಾರಬೇಡಿ, ಬೀಗ ಹಾಕಿ. ಒಂದು ವರ್ಷ ಬೆಂಗಳೂರಿನಲ್ಲಿ ಇದ್ದು ನೋಡಿ. ಸಾಧ್ಯವಾದರೆ ಮಗನ ಮನೆಯೊಳಗೇ ಅಲ್ಲ, ಅದೇ ಅಪಾರ್ಟ್‌ಮೆಂಟಿನಲ್ಲಿ ಅಥವಾ ಪಕ್ಕದ ಬೀದಿಯಲ್ಲಿ ಚಿಕ್ಕ ಮನೆ ಬಾಡಿಗೆಗೋ ಭೋಗ್ಯಕ್ಕೋ ಹಿಡಿಯಿರಿ. ಊಟಕ್ಕೆ ಒಟ್ಟಿಗೆ ಸೇರಿ, ಮಲಗಲು ನಿಮ್ಮ ಮನೆಗೆ ಹೋಗಿ. ಸೊಸೆ ಒಳ್ಳೆಯವಳು ಅಂದಿರಲ್ಲ, ಅವಳು ಒಳ್ಳೆಯವಳಾಗಿಯೇ ಉಳಿಯಲು ಇಬ್ಬರಿಗೂ ಬೇರೆ ಬೇರೆ ಅಡುಗೆಮನೆ ಇದ್ದರೆ ಒಳ್ಳೆಯದು. ಮಳೆಗಾಲ, ಬೇಸಿಗೆ, ಹಬ್ಬ ಎಲ್ಲ ಒಂದು ಸುತ್ತು ಆಗಲಿ. ಮೊಮ್ಮಕ್ಕಳು ಸ್ಕೂಲಿಗೆ, ಅವರಿಬ್ಬರು ಆಫೀಸಿಗೆ ಹೋದ ಮೇಲೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀವಿಬ್ಬರು ಏನು ಮಾಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಅನ್ನುವುದನ್ನು ನೋಡಿಕೊಳ್ಳಿ. ಅಲ್ಲೇ ಎಲ್ಲ ನಿರ್ಧಾರವಾಗುತ್ತದೆ. ಅಲ್ಲಿ ನಿಮಗೆ ಖುಷಿಯಾದರೆ ಸಂತೋಷದಿಂದ ಹೋಗಿ, ಎಷ್ಟೋ ಜನ ಬೆಂಗಳೂರಿನಲ್ಲಿ ಹೊಸ ಬಳಗ ಕಟ್ಟಿಕೊಂಡು ಚೆನ್ನಾಗಿದ್ದಾರೆ.

ಕೊನೆಗೂ ಮಾರಲೇಬೇಕು ಅಂತಾದರೆ ಕಾಗದದ ವಿಷಯದಲ್ಲಿ ಸಂಕೋಚ ಬೇಡ. ನೀವು ಹಾಕುವ ದುಡ್ಡಿನಷ್ಟು ಪಾಲು ನಿಮ್ಮಿಬ್ಬರ ಹೆಸರಿನಲ್ಲಿ ಕ್ರಯಪತ್ರದಲ್ಲೇ ಬರಲಿ. ಮಗನ ಮೇಲೆ ಅನುಮಾನ ಅಂತಲ್ಲ. ಸಾಲ, ಕೆಲಸ ಹೋಗುವುದು, ಇನ್ನೇನೋ ಯಾರಿಗೆ ಬೇಕಾದರೂ ಬರಬಹುದು. ಈಗಿನ ಮನೆಯನ್ನು ದಾನಪತ್ರ ಮಾಡಿ ಕೊಡುವ ಮಾತು ಬಂದರೆ ಬೇಡ ಅನ್ನಿ, ವಿಲ್ ಬರೆಯಿರಿ, ಅದನ್ನು ಬದುಕಿರುವಷ್ಟು ದಿನ ಬದಲಾಯಿಸಬಹುದು. ದಾನಪತ್ರವೇ ಆಗಬೇಕು ಅಂದರೆ ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಅದರಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿ ಮುಂದೆ ಹೋಗಿ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಬರೆಸದೆ ಆಮೇಲೆ ಅಲೆದಾಡಿದ ಹಿರಿಯರನ್ನು ನೋಡಿದರೆ ಸಂಕಟವಾಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಪೀಣ್ಯದ ಖಾಸಗಿ ಕಾರ್ಖಾನೆಯಲ್ಲಿ 1996ರಿಂದ ಕೆಲಸ ಮಾಡುತ್ತಿದ್ದೇನೆ. ಇನ್ನು ಕೆಲವೇ ತಿಂಗಳಿಗೆ 58 ಆಗುತ್ತದೆ. ಪಿಎಫ್ ಪಿಂಚಣಿ ತಿಂಗಳಿಗೆ 6,857 ಬರುತ್ತದೆ ಅಂತ ಗೆಳೆಯರು ಲೆಕ್ಕ ಹಾಕಿಕೊಟ್ಟರು. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಹೆಂಡತಿಗೆ ಮೈಸೂರು ಇಷ್ಟ. ನನಗೆ ನಾಗಮಂಗಲದ ಹತ್ತಿರದ ನಮ್ಮ ಹಳ್ಳಿಗೆ ಹೋಗುವ ಆಸೆ. ಯಾವುದು ಸರಿ?

ಉತ್ತರ: ಅಣ್ಣ, ಮೊದಲು ಆ ಲೆಕ್ಕ ಸರಿ ಮಾಡೋಣ, ಯಾಕೆಂದರೆ ಊರಿನ ತೀರ್ಮಾನ ಅದರ ಮೇಲೆ ನಿಂತಿದೆ. ನಿಮ್ಮ ಗೆಳೆಯರು ಪೂರ್ತಿ ಸೇವೆಗೆ ಸಂಬಳದ ಮಿತಿ 15,000 ರೂಪಾಯಿ ಅಂತ ಹಿಡಿದು, ಇಪ್ಪತ್ತು ವರ್ಷ ದಾಟಿದವರಿಗೆ ಕೊಡುವ ಎರಡು ವರ್ಷವನ್ನು ಸೇವೆಗೆ ಸೇರಿಸಿ, ಎರಡನ್ನೂ ಗುಣಿಸಿ 70ರಿಂದ ಭಾಗಿಸಿದ್ದಾರೆ. ಆದರೆ 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚಿನ ವರ್ಷಗಳಿಗೆ 6,500 ರೂಪಾಯಿಯ ಮಿತಿಯಲ್ಲೇ ಲೆಕ್ಕ. ಹಾಗೆ ನೋಡಿದರೆ ನಿಮಗೆ ಬರುವುದು ನಾಲ್ಕೂವರೆ ಸಾವಿರದ ಆಸುಪಾಸು. ಕಂಪನಿ 60ರವರೆಗೆ ಕೆಲಸ ಕೊಟ್ಟರೆ, ಪಿಂಚಣಿಯನ್ನು 58ಕ್ಕೇ ಶುರು ಮಾಡದೆ ಎರಡು ವರ್ಷ ಮುಂದೆ ಹಾಕಿ, ವರ್ಷಕ್ಕೆ ನೂರಕ್ಕೆ 4ರಂತೆ ಹೆಚ್ಚುತ್ತದೆ.

ಮೂವತ್ತು ವರ್ಷ ದುಡಿದವರಿಗೆ ತಿಂಗಳಿಗೆ ನಾಲ್ಕೂವರೆ ಸಾವಿರ ಅನ್ನುವುದು ಅನ್ಯಾಯ. ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿಗೆ ಏರಿಸಿದರು, ಆಮೇಲೆ ಅದು ಅಲ್ಲೇ ನಿಂತಿದೆ. ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ನಿಮ್ಮದಕ್ಕೆ ಸೇರುವುದಿಲ್ಲ.

ಇಷ್ಟರಲ್ಲಿ ಬೆಂಗಳೂರಿನ ಬಾಡಿಗೆ ಆಗದ ಮಾತು. ಮೈಸೂರಿಗೆ ಪಿಂಚಣಿದಾರರ ಸ್ವರ್ಗ ಅನ್ನುವ ಹೆಸರು ಬಂದ ಕಾಲ ಬೇರೆ. ಬೆಂಗಳೂರಿಗೂ ಒಂದು ಕಾಲಕ್ಕೆ ಅದೇ ಹೆಸರಿತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಈಗ ಬೆಂಗಳೂರಿನ ದುಡ್ಡು ಮೈಸೂರಿನ ಸೈಟುಗಳ ಮೇಲೂ ಬೀಳುತ್ತಿದೆ. ಆದರೂ ಕುವೆಂಪುನಗರ, ಸರಸ್ವತಿಪುರಂ ಕಡೆ ಹಿರಿಯರು ಇಷ್ಟಪಟ್ಟು ಇರುವುದಕ್ಕೆ ಕಾರಣ ಇದೆ. ಅಗಲ ರಸ್ತೆ, ಪಾರ್ಕು, ಆಸ್ಪತ್ರೆ, ಲೈಬ್ರರಿ ಎಲ್ಲ ಹತ್ತಿರ. ಬಾಡಿಗೆಯಲ್ಲೇ ಇರುವುದಾದರೆ ನಿಮ್ಮ ಪಿಎಫ್ ದುಡ್ಡು ಬೇಗ ಕರಗುತ್ತದೆ.

ಹಳ್ಳಿಯಲ್ಲಿ ಸ್ವಂತ ಸೂರು ಇದೆಯಾ, ಅಣ್ಣತಮ್ಮಂದಿರ ಜೊತೆ ಭಾಗ ಆಗಿದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಹಳ್ಳಿಗೆ ಹೋಗಿ, ಇಲ್ಲದಿದ್ದರೆ ನಾಗಮಂಗಲ ಪೇಟೆಯಲ್ಲಿ ಮನೆ ನೋಡಿ, ಔಷಧಿ ಅಂಗಡಿ ಮತ್ತು ಬಸ್ಸು ಕಾಲಳತೆಯಲ್ಲಿ ಸಿಗುತ್ತದೆ. ಹೆಂಡತಿಯ ಮಾತನ್ನೂ ತಳ್ಳಬೇಡಿ. ಹಳ್ಳಿಗೆ ವಾಪಸ್ ಹೋದರೆ ಗಂಡಸಿಗೆ ಅರಳಿಕಟ್ಟೆ ಸಿಗುತ್ತದೆ, ಹೆಂಗಸಿಗೆ ಮತ್ತೆ ಅತ್ತೆಮನೆಯ ಒಲೆ ಸಿಗಬಾರದು. ಶಕ್ತಿ ಯೋಜನೆಯಲ್ಲಿ ಅವರಿಗೆ ಮೈಸೂರಿಗೆ ಬಸ್ಸು ಉಚಿತ, ಬೇಕೆನಿಸಿದಾಗ ಹೋಗಿ ಬರಲಿ. ಪಿಂಚಣಿಗೆ ಊರಿನ ಕಟ್ಟು ಇಲ್ಲ, 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿ ಬೇಕಾದರೂ ಪಡೆಯಬಹುದು.

ಒಂದು ಮುಖ್ಯ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ನಿವೃತ್ತಿಯ ಹೊತ್ತಿಗೆ ನೀವು ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ವ್ಯಾಪ್ತಿಯಲ್ಲಿದ್ದು, ಐದು ವರ್ಷವಾದರೂ ವಿಮೆಯಲ್ಲಿ ಇದ್ದಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಚಿಕಿತ್ಸೆ ಮುಂದುವರಿಸಬಹುದು. ಕೆಲಸ ಬಿಡುವ ಮುಂಚೆ ಕಂಪನಿಯಿಂದ ಆ ಕಾಗದ ಮಾಡಿಸಿಕೊಳ್ಳಿ. ಮೈಸೂರಿನಲ್ಲೂ ಇಎಸ್‌ಐ ಆಸ್ಪತ್ರೆ ಇದೆ.

ಪ್ರಶ್ನೆ: ನಾನು 2007ರಲ್ಲಿ ಸೇರಿದ ಶಿಕ್ಷಕಿ, ಮುಂದಿನ ವರ್ಷ ನಿವೃತ್ತಿ. ಒಂದೇ ಸ್ಟಾಫ್ ರೂಮಿನಲ್ಲಿ ಕೂರುವ ಹಿರಿಯರಿಗೆ ಹಳೇ ಪಿಂಚಣಿ, ನನಗೆ ಸಂಬಳದಿಂದ ಹಿಡಿದು ಕೂಡಿಡುವ ಹೊಸ ಪಿಂಚಣಿ, ಎನ್‌ಪಿಎಸ್. ಬರುವ ದುಡ್ಡನ್ನು ಏನು ಮಾಡಲಿ?

ಉತ್ತರ: 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಸಾಮಾನ್ಯವಾಗಿ ನಮ್ಮ ರಾಜ್ಯದಲ್ಲಿ ಎನ್‌ಪಿಎಸ್. ನಿಮ್ಮ ಹಾಗೆ ತಡವಾಗಿ ಕೆಲಸ ಸಿಕ್ಕವರಿಗೆ ಜಾಸ್ತಿ ಪೆಟ್ಟು, ಜಮೆಯಾಗಲು ಹೆಚ್ಚು ವರ್ಷ ಸಿಗಲಿಲ್ಲ. ಒಟ್ಟು ಮೊತ್ತದಲ್ಲಿ ನೂರಕ್ಕೆ 60 ಭಾಗ ಕೈಗೆ ಬರುತ್ತದೆ, 40 ಭಾಗವನ್ನು ಆನ್ಯುಟಿಗೆ, ಅಂದರೆ ದುಡ್ಡು ಕಟ್ಟಿಸಿಕೊಂಡು ಜೀವನಪೂರ್ತಿ ಕಂತಿನಲ್ಲಿ ಕೊಡುವ ವಿಮಾ ಯೋಜನೆಗೆ, ಹಾಕಿ ತಿಂಗಳ ಪಿಂಚಣಿ ತೆಗೆದುಕೊಳ್ಳಬೇಕು. ಕೈಗೆ ಬಂದ ದುಡ್ಡು ಮನೆ ಕಟ್ಟಲು, ಮಗನ ವ್ಯಾಪಾರಕ್ಕೆ, ಮಗಳ ಮದುವೆಗೆ ಅಂತ ಒಂದೇ ವರ್ಷದಲ್ಲಿ ಹೋಗದ ಹಾಗೆ ನೋಡಿಕೊಳ್ಳಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಕೆಲವು ವರ್ಷಗಳಿಂದ ಅದರ ದರ ನೂರಕ್ಕೆ 8.2 ಇದೆ. ಮೊದಲು ಅಲ್ಲಿ ಇಡಿ. ಆನ್ಯುಟಿ ಆರಿಸುವಾಗ ನಿಮ್ಮ ನಂತರ ಯಜಮಾನರಿಗೂ ಬರುವಂಥದ್ದನ್ನೇ ಆರಿಸಿ.

ಪ್ರಶ್ನೆ: ನಿವೃತ್ತಿಯ ದುಡ್ಡಿನಲ್ಲಿ ಸಕಲೇಶಪುರದ ಕಡೆ ಎರಡು ಎಕರೆ ತೋಟ ಕೊಂಡು ಅಲ್ಲೇ ಇದ್ದುಬಿಡೋಣ ಅಂತ ಆಸೆ. ನಾವು ಕೃಷಿಕರ ಮನೆಯವರಲ್ಲ. ಆಗುತ್ತದಾ?

ಉತ್ತರ: ಕಾನೂನಿನ ಅಡ್ಡಿ ಹೋಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡಿದ ದಾಖಲೆ) ನೋಡದೆ ಮುಂಗಡ ಕೊಡಬೇಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾ ಅಂತ ತಪ್ಪದೇ ತಿಳಿದುಕೊಳ್ಳಿ. ಅಂಥ ಜಮೀನನ್ನು (ಪಿಟಿಸಿಎಲ್ ಕಾಯ್ದೆಗೆ ಬರುವಂಥದ್ದು) ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಎಷ್ಟು ವರ್ಷವಾದ ಮೇಲೂ ವಾಪಸ್ ಹೋಗಬಹುದು, ಅದು ನ್ಯಾಯವೂ ಹೌದು. ಆ ಕಡೆ ಕಾಡಾನೆ ಓಡಾಟ ಇದೆ, ಕೂಲಿಯವರು ಸಿಗುವುದು ಕಷ್ಟ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಿ, ಆಮೇಲೂ ಆಸೆ ಉಳಿದರೆ ಮುಂದುವರಿಯಿರಿ.

ಪ್ರಶ್ನೆ: ಮೇಡಂ, ನಾನು ಪ್ರಥಮ ದರ್ಜೆ ಸಹಾಯಕಿ. ನಮ್ಮ ಅಧೀಕ್ಷಕರು ನಿವೃತ್ತರಾಗಿ ಐದು ತಿಂಗಳಾದರೂ ದಿನಾ ಹನ್ನೊಂದು ಗಂಟೆಗೆ ಕಚೇರಿಗೆ ಬರುತ್ತಾರೆ. ನನ್ನ ಟೇಬಲ್ ಪಕ್ಕ ಕೂತು ಫೈಲ್ ನೋಡಿ ತಿದ್ದುತ್ತಾರೆ. ಕೆಲಸ ಕಲಿಸಿದವರೇ ಅವರು. ಹೊಸ ಅಧೀಕ್ಷಕರಿಗೆ ಇದು ಹಿಡಿಸುತ್ತಿಲ್ಲ. ಹೇಗೆ ಹೇಳಲಿ?

ಉತ್ತರ: ತಂಗಿ, ಅವರ ಮನೆಯಲ್ಲಿ ಯಾರಿದ್ದಾರೆ ಅಂತ ಮೊದಲು ತಿಳಿದುಕೋ. ಬೆಳಿಗ್ಗೆ ಹನ್ನೊಂದು ಗಂಟೆಗೆ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಡುವ ಮನುಷ್ಯನಿಗೆ ಬೇರೆ ಎಲ್ಲಿಗೂ ಹೋಗುವ ಜಾಗ ಇಲ್ಲದಿರಬಹುದು. ಫೈಲ್ ಮಾತ್ರ ಅವರ ಕೈಗೆ ಕೊಡಬಾರದು, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ನೋಟಿಸ್ ಬರುವುದು ನಿನಗೆ. ಅದನ್ನು ಎಲ್ಲರ ಎದುರು ಹೇಳಬೇಡ. ಒಂದು ಭಾನುವಾರ ಅವರ ಮನೆಗೆ ಹೋಗು, ಕಾಫಿ ಕುಡಿ, ಆಮೇಲೆ ಹೇಳು: ಸರ್, ಫೈಲ್ ವಿಷಯದಲ್ಲಿ ನನಗೆ ತೊಂದರೆ ಆಗ್ತಿದೆ, ಏನಾದರೂ ಕೇಳೋದಿದ್ದರೆ ನಾನೇ ಇಲ್ಲಿಗೆ ಬರ್ತೀನಿ. ಕೆಲಸ ಕಲಿಸಿದವರು ಅಂದಿಯಲ್ಲ, ಅವರಿಗೆ ಅರ್ಥವಾಗುತ್ತದೆ.

ಜೊತೆಗೆ ಅವರಿಗೊಂದು ಕೆಲಸ ತೋರಿಸು. ಪ್ರತಿ ತಾಲ್ಲೂಕಿನಲ್ಲೂ ಪಿಂಚಣಿ ಕಾಗದ ತುಂಬಲಾರದೆ, ಸೇವಾ ಪುಸ್ತಕದ ತಪ್ಪು ತಿದ್ದಿಸಲಾರದೆ, ಪಿಂಚಣಿ ಮಂಜೂರು ಮಾಡುವ ಎ.ಜಿ. (ಮಹಾಲೇಖಪಾಲರ) ಕಚೇರಿಯ ಆಕ್ಷೇಪಣೆಗೆ ಉತ್ತರ ಬರೆಯಲು ಗೊತ್ತಾಗದೆ ಒದ್ದಾಡುವ ಗ್ರೂಪ್ ಡಿ ನೌಕರರು, ಅಡುಗೆ ಸಿಬ್ಬಂದಿ, ಕುಟುಂಬ ಪಿಂಚಣಿಗೆ ಅಲೆಯುವ ಹೆಂಗಸರು ಇದ್ದಾರೆ. ನಿವೃತ್ತ ನೌಕರರ ಸಂಘಕ್ಕೆ ವಾರಕ್ಕೆ ಎರಡು ದಿನ ಅವರು ಹೋಗಿ ಕೂತರೆ ಸಾಕು. ನವೆಂಬರ್ ಹತ್ತಿರ ಬಂದಾಗ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವುದು ಹೇಗೆ ಅಂತ ನೀನೇ ಅವರಿಗೆ ಕಲಿಸಿಕೊಡು, ಅವರು ಊರಿನವರಿಗೆಲ್ಲ ಮಾಡಿಕೊಡುತ್ತಾರೆ. ಸಂಘದ ವಿಳಾಸ ನಿಮ್ಮ ಉಪಖಜಾನೆಯಲ್ಲಿ ಕೇಳಿದರೆ ಹೇಳುತ್ತಾರೆ.